ಗೇಟಿನಲ್ಲಿ ಬರೆಯದ ತಾರೀಖು

ಮಾನ್ಯ ಸಂಪಾದಕರೇ,

ಮಾಲು ಯಾವಾಗ, ಎಷ್ಟು ತರಿಸಬೇಕೆಂದು ಲೆಕ್ಕ ಹಾಕುವ ಸ್ಮಾರ್ಟ್ ಸಪ್ಲೈ ಚೈನ್ ಸಾಫ್ಟ್‌ವೇರ್ ಹಾಕಿಸಿಕೊಂಡರೆ ಗೋಡೌನ್ ಖಾಲಿಯಾಗುತ್ತದೆ, ಲಾಭ ಏರುತ್ತದೆ ಎಂಬ ಮಾತು ವಾಣಿಜ್ಯ ಪುಟಗಳಲ್ಲಿ ಪದೇ ಪದೇ ಬರುತ್ತಿದೆ. ಆದರೆ ಸ್ಟಾಕ್ ಎಷ್ಟು ಇಳಿಸಬಹುದು ಎಂಬುದು ನಿಂತಿರುವುದು ಮಾಲು ಬರುವ ದಿನಗಳ ಏರುಪೇರಿನ ಮೇಲೆ.

ಪೀಣ್ಯದ ಒಂದು ಪಂಪ್ ಕಾರ್ಖಾನೆಗೆ ದಿನಕ್ಕೆ ಸರಾಸರಿ 100 ಬೇರಿಂಗ್ ಬೇಕು, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಆಚೀಚೆಯಾಗುವ ಏರುಪೇರಿನ ಅಳತೆ) 20 ಎಂದಿಟ್ಟುಕೊಳ್ಳಿ. ಆರ್ಡರ್ ಕೊಟ್ಟ 16ನೇ ದಿನ ಮಾಲು ತಪ್ಪದೆ ಬಂದರೆ, 20 ಆರ್ಡರ್‌ಗಳಲ್ಲಿ 19 ಸಲ ಕೊರತೆ ಬಾರದಿರಲು 132 ಬೇರಿಂಗ್ ಸೇಫ್ಟಿ ಸ್ಟಾಕ್ (ಆಪತ್ತಿಗೆಂದು ಇಡುವ ಹೆಚ್ಚುವರಿ ಮಾಲು) ಸಾಕು: 1.65 (20ರಲ್ಲಿ 19 ಸಲ ಎಂಬುದಕ್ಕೆ ಬಳಸುವ ಅಂಕಿ), ಗುಣಿಲೆ 20, ಗುಣಿಲೆ 16ರ ವರ್ಗಮೂಲ. ಅದೇ ಮಾಲು ಒಮ್ಮೆ 12 ದಿನಕ್ಕೆ, ಒಮ್ಮೆ 20 ದಿನಕ್ಕೆ ಬರುತ್ತ ಲೀಡ್ ಟೈಮಿನ (ಆರ್ಡರ್ ಕೊಟ್ಟಾಗಿನಿಂದ ಮಾಲು ಬರುವವರೆಗಿನ ದಿನಗಳ) ಡೀವಿಯೇಷನ್ 4 ದಿನವಾದರೆ, ಎರಡೂ ಏರುಪೇರು ಸೇರಿಸಿ ಲೆಕ್ಕ ಹಾಕಿದಾಗ 673 ಬೇಕು. ಸರಾಸರಿ ಮಾತ್ರ ಅದೇ 16!

ಸಾಫ್ಟ್‌ವೇರ್ ಎಡವುವುದು ಇಲ್ಲೇ. ಇನ್‌ಸ್ಟಾಲ್ ಮಾಡಿದ ದಿನ ಟೈಪಿಸಿದ '16' ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಲಾರಿ ಸೋಮವಾರ ಬಂದರೂ ಜಿಆರ್‌ಎನ್ (ಮಾಲು ಸ್ವೀಕರಿಸಿದ ದಾಖಲೆ) ಆಗುವುದು ಬಿಲ್ ಪಾಸಾಗುವ ಶುಕ್ರವಾರ. 500ರ ಆರ್ಡರ್‌ಗೆ ಮೊದಲು ಬಂದ 300ರ ತಾರೀಖು ಎಲ್ಲೂ ಇರುವುದಿಲ್ಲ. ಪ್ರತಿ ಲಾಟಿನ ಗೇಟ್ ಎಂಟ್ರಿ ದಿನವನ್ನೇ ದಾಖಲಿಸಿ, ಮೂರು ತಿಂಗಳಿಗೊಮ್ಮೆ ಲೀಡ್ ಟೈಮ್ ತಿದ್ದಬೇಕು. ಎಲ್ಲ ಐಟಂಗೂ ಬೇಡ, ಮುಗಿದುಹೋದರೆ ಉತ್ಪಾದನಾ ಲೈನನ್ನೇ ನಿಲ್ಲಿಸುವಂಥವಕ್ಕೆ ಸಾಕು.

ಬಿಡದಿಯಲ್ಲೂ ಕಾರು ತಯಾರಿಸುವ ಟೊಯೊಟಾ 2011ರ ಜಪಾನ್ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ ಸಪ್ಲೈಯರ್‌ಗಳ ಹಿಂದಿರುವ ಸಪ್ಲೈಯರ್‌ಗಳ ಪಟ್ಟಿಯನ್ನೂ ಮಾಡಿಕೊಂಡಿತು. 2ರಿಂದ 6 ತಿಂಗಳ ಚಿಪ್ ಇಟ್ಟುಕೊಳ್ಳಿ ಎಂದು ಅವರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಸಿಗದೆ ಬೇರೆ ಕಂಪನಿಗಳ ಲೈನ್ ನಿಂತಾಗ ಅದು ಬಹುಮಟ್ಟಿಗೆ ಓಡುತ್ತಲೇ ಇತ್ತು. ಆದರೂ ಆಗ್ನೇಯ ಏಷ್ಯಾದಲ್ಲಿ ಕೋವಿಡ್ ಹೆಚ್ಚಿದಾಗ, ಆ ಸೆಪ್ಟೆಂಬರ್‌ನ ಉತ್ಪಾದನೆಯನ್ನು ಯೋಜಿಸಿದ್ದಕ್ಕಿಂತ ಶೇ 40ರಷ್ಟು ಇಳಿಸಬೇಕಾಯಿತು. ಸ್ಟಾಕ್ ಕೊಡುವುದು ಒಂದಿಷ್ಟು ಕಾಲಾವಕಾಶ, ಅಷ್ಟೆ.

ನಮ್ಮಲ್ಲಿ 'ಸ್ಟಾಕ್ ನೀವೇ ಇಟ್ಕೊಳ್ಳಿ' ಎಂದು ಸಣ್ಣ ವೆಂಡರ್ ತಲೆಗೆ ಕಟ್ಟಿ, ಬಿಲ್ ಮಾತ್ರ 90 ದಿನ ಎಳೆಯುವುದು ಮಾಮೂಲು. ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ 45 ದಿನ ಮೀರುವಂತಿಲ್ಲ. ಹಣ ಬಾರದ ವೆಂಡರ್ ಸ್ಟೀಲ್ ಕೊಳ್ಳಲಾರ, ಮಾಲು ತಡವಾಗುತ್ತದೆ. ಸಾಫ್ಟ್‌ವೇರ್ ಅದನ್ನು 'ಸಪ್ಲೈಯರ್ ವೈಫಲ್ಯ' ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಬಿಲ್ ಸಕಾಲಕ್ಕೆ ಕೊಟ್ಟು ಆ 4 ದಿನದ ಏರುಪೇರು 2ಕ್ಕೆ ಇಳಿದರೆ, 673 ಬೇರಿಂಗ್ ಇಟ್ಟ ಜಾಗದಲ್ಲಿ 355 ಸಾಕು.

— ಮೆಟೀರಿಯಲ್ಸ್ ಪ್ಲಾನಿಂಗ್ ಸಿಬ್ಬಂದಿ, ಬೆಂಗಳೂರು