ಒಂದೇ ಸ್ಲೈಡಿಗೆ ಎರಡು ರಿಪೋರ್ಟ್: ಆರೋಗ್ಯ ಸಚಿವರಿಗೊಂದು ಪತ್ರ

ಕರ್ನಾಟಕದ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಪ್ಯಾಥಾಲಜಿ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಶಿಯನ್ ಆಗಿದ್ದು ನಿವೃತ್ತನಾದವನು. ಡಾಕ್ಟರು ಕತ್ತರಿಸಿ ಕಳಿಸಿದ ಚರ್ಮದ ತುಂಡನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುವುದು, ಅದನ್ನು ಕೂದಲಿಗಿಂತ ಎಷ್ಟೋ ತೆಳ್ಳಗೆ ಕೊಯ್ದು, ನೇರಳೆ-ಗುಲಾಬಿ ಬಣ್ಣ ಹಾಕಿ ಸ್ಲೈಡ್ ಮಾಡುವುದು ನನ್ನ ಕೆಲಸ. ಆ ಸ್ಲೈಡ್ ನೋಡಿ ರೋಗ ಯಾವುದು ಅಂತ ಹೇಳುವ ಡಾಕ್ಟರೇ ಪ್ಯಾಥಾಲಜಿಸ್ಟ್.

ನಮ್ಮೂರಲ್ಲಿ ಅಡಿಕೆ ತೋಟದ ಕೆಲಸ ಮಾಡುವವರೊಬ್ಬರ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಎದ್ದಿತ್ತು. ಆಣಿ ಅಂದುಕೊಂಡು ಒಂದು ವರ್ಷ ಸುಮ್ನೆ ಬಿಟ್ಟರು. ಕೊನೆಗೆ ಬಯಾಪ್ಸಿ ಆಯಿತು. ಮಚ್ಚೆ ಸ್ವಲ್ಪ ವಿಚಿತ್ರವಾಗಿದೆ, ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂತು. ಏಳು ತಿಂಗಳ ಮೇಲೆ ಬೇರೆ ಊರಿನಲ್ಲಿ ಅದೇ ಸ್ಲೈಡ್ ನೋಡಿದವರು ಮೆಲನೋಮಾ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್, ಅಂದರು.

ಮೊದಲು ಓದಿದವರನ್ನು ಬೈಯಲು ಬರೆಯುತ್ತಿಲ್ಲ. ಇಂಥ ಸ್ಲೈಡ್ ಬಂದಾಗ ಎಷ್ಟೋ ಅನುಭವಿ ಡಾಕ್ಟರುಗಳು ಪಕ್ಕದವರನ್ನು ಕರೆದು "ನೀವೂ ಒಂದ್ಸಲ ನೋಡಿ" ಅನ್ನುವುದನ್ನು ಕಂಡಿದ್ದೇನೆ. ಕರೆಯಲು ಪಕ್ಕದಲ್ಲಿ ಯಾರಾದರೂ ಇದ್ದರೆ!

2017ರಲ್ಲಿ ಅಮೆರಿಕದ ಜೋನ್ ಎಲ್ಮೋರ್ ಮತ್ತು ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ರಾಜ್ಯಗಳ 187 ಪ್ಯಾಥಾಲಜಿಸ್ಟರು, 240 ಮಚ್ಚೆ-ಮೆಲನೋಮಾ ಬಯಾಪ್ಸಿಗಳು. ಮಾಮೂಲಿ ಮಚ್ಚೆಯ ವಿಷಯದಲ್ಲಿ ಶೇ 92ರಷ್ಟು ಉತ್ತರಗಳು ತಜ್ಞರ ಸಮಿತಿಯ ತೀರ್ಮಾನಕ್ಕೆ ಹೊಂದಿದವು. ಆಳಕ್ಕೆ ಇಳಿದ ಮೆಲನೋಮಾದಲ್ಲಿ ಶೇ 72. ನಡುವಿನವುಗಳಲ್ಲೇ ತೊಂದರೆ. ಸ್ವಲ್ಪ ಅನುಮಾನದ ಮಚ್ಚೆಗಳಲ್ಲಿ ಹೊಂದಿದ್ದು ಶೇ 25, ಈಗಷ್ಟೇ ಶುರುವಾದ ಮೆಲನೋಮಾದಲ್ಲಿ ಶೇ 43. ನನ್ನನ್ನು ಬೆಚ್ಚಿಬೀಳಿಸಿದ್ದು ಇದಲ್ಲ. ಕನಿಷ್ಠ 8 ತಿಂಗಳು ಬಿಟ್ಟು ಅದೇ ಸ್ಲೈಡನ್ನು ಅದೇ ಡಾಕ್ಟರಿಗೆ ಕೊಟ್ಟರು. ಸ್ವಲ್ಪ ಅನುಮಾನದ ಮಚ್ಚೆಗಳ ಗುಂಪಿನಲ್ಲಿ ತಮ್ಮದೇ ಹಳೆಯ ಉತ್ತರವನ್ನು ಮತ್ತೆ ಕೊಟ್ಟಿದ್ದು ಶೇ 35 ಸಲ ಮಾತ್ರ.

ಆ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಒಂದು ಕೇಸಿಗೆ ಒಂದೇ ಸ್ಲೈಡ್ ಕೊಟ್ಟಿದ್ದರು, ಬೇರೆ ಬಣ್ಣ (ಸ್ಟೇನ್) ಹಾಕಿಸಿ ಕೇಳುವಂತಿರಲಿಲ್ಲ. ನಮ್ಮಲ್ಲಿ ಮೆಲನೋಮಾ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ. ಆದರೆ ಅಪರೂಪ ಅಂದರೆ ನೋಡಿ ಪಳಗುವ ಅವಕಾಶವೂ ಕಮ್ಮಿ ಅಂತ ಅಲ್ವಾ? ಇಲ್ಲಿ ಮಿಲಿಮೀಟರಿನ ಲೆಕ್ಕವೂ ದೊಡ್ಡದು. ಮೆಲನೋಮಾ 1 ಮಿಲಿಮೀಟರ್ ಆಳದೊಳಗಿದ್ದರೆ ಸುತ್ತ 1 ಸೆಂಟಿಮೀಟರ್ ಚರ್ಮ ತೆಗೆಯುತ್ತಾರೆ. 2 ಮಿಲಿಮೀಟರ್ ದಾಟಿದರೆ 2 ಸೆಂಟಿಮೀಟರ್. ಹಿಮ್ಮಡಿಯಲ್ಲಿ 2 ಸೆಂಟಿಮೀಟರ್ ಹೋದರೆ ತೋಟದಲ್ಲಿ ಕೆಲಸ ಮಾಡುವವರ ಗತಿ ಏನು, ನೀವೇ ಯೋಚಿಸಿ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಚ್ಚೆಯ ಬಯಾಪ್ಸಿ ಅನುಮಾನದ್ದು ಅನಿಸಿದರೆ, ರಿಪೋರ್ಟ್ ರೋಗಿಯ ಕೈ ಸೇರುವ ಮೊದಲೇ ಇನ್ನೊಬ್ಬ ಪ್ಯಾಥಾಲಜಿಸ್ಟ್ ಅದನ್ನು ನೋಡಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಆಗಲೇ ಹೇಳಿದ ಹಾಗೆ ರೋಗವೇ ಅಪರೂಪ, ಹಾಗಾಗಿ ಖರ್ಚು ಜಾಸ್ತಿ ಆಗಲಾರದು. ಸ್ಲೈಡನ್ನು ಸ್ಕ್ಯಾನ್ ಮಾಡಿ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸಂಸ್ಥೆಗೆ ಕಳಿಸಬಹುದು. ಮೊದಲ ಡಾಕ್ಟರ ಹೆಸರು, ಉತ್ತರ ಎರಡನೆಯವರಿಗೆ ಕಾಣದಿದ್ದರೆ ಇನ್ನೂ ಒಳ್ಳೆಯದು. ಗುರುಗಳು ಬರೆದದ್ದನ್ನು ಅಲ್ಲ ಅನ್ನಲು ನಮ್ಮವರಿಗೆ ಸಂಕೋಚ! ಇಬ್ಬರ ಉತ್ತರ ಬೇರೆಯಾದರೆ ರಿಪೋರ್ಟಿನಲ್ಲಿ ಅದನ್ನು ಹಾಗೇ ಬರೆಯಲಿ, ರೋಗಿಗೂ ಕನ್ನಡದಲ್ಲಿ ಹೇಳಲಿ.

ಸದ್ಯಕ್ಕೆ ಎರಡನೇ ಅಭಿಪ್ರಾಯ ಬೇಕಾದರೆ ರೋಗಿಯ ಮನೆಯವರೇ ಬ್ಲಾಕ್ ಹಿಡಿದು ಬಸ್ ಹತ್ತುತ್ತಾರೆ. ಏಪ್ರಿಲಿನಲ್ಲಿ ಬಂದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: ಬಿಸಿಲು ಬೀಳುವ ಕಡೆ ಇಡಬೇಡಿ, ಮೇಣ ಮೆತ್ತಗಾಗುತ್ತೆ, ಮಡಿಲಲ್ಲೇ ಇಟ್ಟುಕೊಳ್ಳಿ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಶಿಯನ್
ಶಿವಮೊಗ್ಗ ಜಿಲ್ಲೆ