ಒರಿಜಿನಲ್ ರೋಡ್ಸ್ ಪಿಯಾನೋ ಮಲೆನಾಡಿಗೆ ಬಂದ್ರೆ ತುಕ್ಕೇ ಗತಿ

ಮಾನ್ಯ ಸಂಪಾದಕರೇ,

ಕಂಪ್ಯೂಟರಲ್ಲಿ ಮಾಡಿದ ಸಂಗೀತ ಎಲ್ಲಾ ಡೂಪ್ಲಿಕೇಟು ಅಂತ ಇತ್ತೀಚೆಗೆ ನಿಮ್ಮ ಪತ್ರಿಕೇಲಿ ಓದುಗರೊಬ್ರು ಬರ್ದಿದ್ರು, ಅದಕ್ಕೇ ಈ ಪತ್ರ. ಹಳೇ ಎಲೆಕ್ಟ್ರಿಕ್ ಪಿಯಾನೋನೇ ತಗೊಳ್ಳಿ. ರೋಡ್ಸ್ ಅನ್ನೋ ಪಿಯಾನೋದಲ್ಲಿ ಕೀ ಒತ್ತಿದ್ರೆ ಪುಟ್ಟ ಸುತ್ತಿಗೆ ಹೋಗಿ ಸಣ್ಣ ಉಕ್ಕಿನ ಕಡ್ಡಿಗೆ ಬಡಿಯುತ್ತೆ, ಆ ವೈಬ್ರೇಶನ್ನ ಹಿಡಿದು ಕರೆಂಟಿನ ಸಿಗ್ನಲ್ ಮಾಡೋದು ಎಲೆಕ್ಟ್ರಿಕ್ ಗಿಟಾರಲ್ಲಿ ಇರೋ ಥರದ ಪಿಕಪ್ಪೇ. ವುರ್ಲಿಟ್ಜರ್ ಅನ್ನೋ ಇನ್ನೊಂದು ಪಿಯಾನೋದಲ್ಲಿ ಕಡ್ಡಿ ಬದಲು ರೀಡು, ಅಂದ್ರೆ ತೆಳು ಲೋಹದ ಪಟ್ಟಿ. 1970ರ ದಶಕದ ರೋಡ್ಸ್‌ನ ಆ 73 ಕೀಗಳ ಪೆಟ್ಟಿಗೆನ ನಮ್ಮ ತೀರ್ಥಹಳ್ಳಿ ಮಳೆಗಾಲಕ್ಕೆ ತಂದಿಟ್ರೆ ಏನಾಗುತ್ತೆ? ಗೋಡೆ ಮೇಲಿನ ಕ್ಯಾಲೆಂಡರಿಗೇ ಬೂಸ್ಟು ಹಿಡಿಯೋ ಊರು ಸ್ವಾಮಿ ಇದು, ರಿಪೇರಿಯವ್ರನ್ನ ಎಲ್ಲಿಂದ ಕರ್ಸೋದು!

ಕಂಪ್ಯೂಟರಲ್ಲಿ ಈ ಪಿಯಾನೋ ನುಡಿಸೋಕೆ ಬಳಸೋ ಸ್ಯಾಂಪಲ್ ಸಾಫ್ಟ್‌ವೇರಲ್ಲಿ ಇರೋದೂ ಅದೇ ವಾದ್ಯದ ಸದ್ದು, ಒಂದೊಂದು ಕೀನೂ ಮೆತ್ತಗೆ, ಜೋರಾಗಿ ನುಡಿಸಿ ಬೇರೆ ಬೇರೆ ರೆಕಾರ್ಡ್ ಮಾಡಿರ್ತಾರೆ, ಕೀ ಬಿಟ್ಟಾಗ ಸದ್ದು ನಿಲ್ಲಿಸೋ ಡ್ಯಾಂಪರ್ ಕೂರೋ ಟಪ್ ಅನ್ನೋ ಸದ್ದನ್ನೂ ಚೆನ್ನಾಗಿ ಮಾಡೋರು ಬಿಡಲ್ಲ. ಫ್ರೀ ಸಿಗೋ ಕೆಲವು ಸಾಫ್ಟ್‌ವೇರು ಒಂದೇ ಲೇಯರಿಂದು, ಅಂದ್ರೆ ಕೀಗೆ ಒಂದೇ ರೆಕಾರ್ಡಿಂಗು, ಹೆಂಗೆ ಒತ್ತಿದ್ರೂ ಒಂದೇ ಥರ, ಜೋರಾಗಿ ಬಾರಿಸಿದ್ರೆ ಬರ್ಬೇಕಾದ ಆ ಗೊರಗೊರ ಬರೋದೇ ಇಲ್ಲ. ಅಂಥವನ್ನ ಬೈರಿ, ಎಲ್ಲಾನೂ ಬೈಬೇಡಿ. ಶಿವಮೊಗ್ಗದ ಹುಡುಗ್ರು ಲ್ಯಾಪ್‌ಟಾಪು, ಅದಕ್ಕೆ ಜೋಡಿಸಿ ನುಡಿಸೋ ಚಿಕ್ಕ ಮಿಡಿ ಕೀಬೋರ್ಡ್ ಇಟ್ಕೊಂಡೇ ಟ್ರ್ಯಾಕ್ ಮಾಡ್ತಿದಾರೆ, ಪತ್ರಿಕೆಯವ್ರು ಒಂದ್ಸಲ ಅವ್ರನ್ನೂ ಮಾತಾಡಿಸ್ಲಿ.

– ಓದುಗ, ತೀರ್ಥಹಳ್ಳಿ