ಪ್ರಾಸ ಊರೂರಿಗೂ ಬೇರೆ

ಸಂಪಾದಕರೇ,

ಮಕ್ಕಳ ವರ್ಕ್‌ಶೀಟಲ್ಲಿ ರೈಮಿಂಗ್ ವರ್ಡ್ಸ್ ಬರೀರಿ ಅಂತ ಕೊಟ್ಟು ಒಂದೇ ಉತ್ತರ ಸರಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಇಂಗ್ಲೆಂಡಲ್ಲೇ ನೋಡಿ, ಉತ್ತರದ ಲೀಡ್ಸ್ ಕಡೆ ಕಟ್ ಅನ್ನೋದು ಕುಟ್ ಥರ ಕೇಳ್ಸುತ್ತೆ, ಹಂಗಾಗಿ ಪುಟ್ ಜೊತೆ ಪ್ರಾಸ ಕೂಡುತ್ತೆ, ಲಂಡನ್ನಲ್ಲಿ ಕೂಡಲ್ಲ. ಲಂಡನ್ನಿನ ಕವಿ ಕೀಟ್ಸ್ ಥಾರ್ನ್ಸ್‌ಗೆ (thorns) ಫಾನ್ಸ್ (fawns) ಅಂತ ಪ್ರಾಸ ಕಟ್ಟಿದ, ಅವನ ಊರಿನ ಮಾತಲ್ಲಿ ಆ ರ್ ಕೇಳ್ಸೋದೇ ಇಲ್ವಲ್ಲ, ಆದ್ರೆ 1818ರಲ್ಲಿ ಎಡಿನ್‌ಬರೋದ ಬ್ಲಾಕ್‌ವುಡ್ಸ್ ಪತ್ರಿಕೆ ಅವನ ಪ್ರಾಸಗಳನ್ನ ಕಾಕ್ನಿ, ಅಂದ್ರೆ ಲಂಡನ್ನಿನ ಸಾಮಾನ್ಯ ಜನರ ಆಡುಮಾತು, ಅಂತ ಹೀಯಾಳಿಸ್ತು. ಪಾಪ, ಅವನು ಕಿವಿಗೆ ಬಿದ್ದಿದ್ದನ್ನೇ ಬರೆದಿದ್ದ. ರ್ ಗಟ್ಟಿಯಾಗಿ ಹೇಳೋ ಸ್ಕಾಟ್ಲೆಂಡಿನವ್ರಿಗೆ ಅದು ಹೊಂದಲ್ಲ, ನಮ್ಮ ಕನ್ನಡದ ನಾಲಿಗೆಗೂ ಅಷ್ಟೇ. ಟೀಚರ್‌ಗಳೇ, ದಯವಿಟ್ಟು ತಪ್ಪು ಹಾಕೋ ಮುಂಚೆ ಆ ಎರಡೂ ಪದ ಮಗು ಬಾಯಲ್ಲಿ ಒಂದ್ಸಲ ಹೇಳ್ಸಿ ಕೇಳಿ.

– ಒಬ್ಬ ಓದುಗ, ಮೈಸೂರು